ಅಧಿಕ ರಕ್ತದೊತ್ತಡವೂ ಮೂತ್ರಪಿಂಡದ ಧಮನಿಯೂ



ಶರೀರವು ಸಕಲ ಕಾಯಕಗಳಿಗೂ ಮೂಲ ಸಾಧನವೆಂಬದನ್ನು ಒಪ್ಪದವರಿಲ್ಲ. ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗವನ್ನು ಮುಟ್ಟಿಸುವ ಹೆಣ್ಣುಮಕ್ಕಳಾಗಲಿ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳನ್ನು ಹೊರುವ ಹಮಾಲರಾಗಲಿ, ಹಾವೇರಿಯಲ್ಲಿ ಏಲಕ್ಕಿಯ ಹಾರಗಳನ್ನು ಕಟ್ಟುವವರಾಗಲಿ, ಮೈಗೆ ಕುಂದು ಬಂದ ದಿನ ಅವರ ಕೆಲಸವೂ ನಿಲ್ಲುವದು, ಮನೆಯೂ ಬಾಡುವದು. ಮೈಯಲ್ಲಿ ನೋವಾದರೆ ಮನುಷ್ಯನು ತಾನಾಗಿಯೇ ವೈದ್ಯರ ಬಾಗಿಲಿಗೆ ಹೋಗುವನು. ಆದರೆ ನೋವೇ ಇಲ್ಲದೆ ಒಳಗೊಳಗೇ ಕೊರೆಯುವ ವ್ಯಾಧಿಯೊಂದುಂಟು. ಅದೇ ಅಧಿಕ ರಕ್ತದೊತ್ತಡ. ಜನರು ಅದನ್ನು ಬಿ.ಪಿ. ಎಂದು ಕರೆಯುವರು. ಬಿ.ಪಿ. ಎಂಬದು ವಾಸ್ತವವಾಗಿ ರೋಗದ ಹೆಸರಲ್ಲ, ಅಳತೆಯ ಹೆಸರು. ಅಳತೆ ಏರಿದಾಗ ಮಾತ್ರ ಅದು ರೋಗವಾಗುವದು.

ಆರೋಗ್ಯವಂತನಾದ ವಯಸ್ಕನಲ್ಲಿ ಈ ಅಳತೆಯು 120ರ ಮೇಲೆ 80ರ ಆಸುಪಾಸಿನಲ್ಲಿರುವದು. ಹಲವು ಸಲ ಅಳೆದಾಗಲೂ 140ರ ಮೇಲೆ 90ನ್ನು ಮುಟ್ಟಿದರೆ ಅಥವಾ ಮೀರಿದರೆ ಅದನ್ನು ಅಧಿಕವೆಂದು ಎಣಿಸುವರು. ಹೀಗೆ ಏರಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲು ಬಾರದು. ವಂಶ, ವಯಸ್ಸು, ಉಪ್ಪು, ಸ್ಥೂಲತೆ ಇವೆಲ್ಲ ಕೂಡಿ ಒತ್ತಡವನ್ನು ಏರಿಸಿರುವವು. ಉಳಿದ ಕೆಲವರಲ್ಲಿ ಮಾತ್ರ ಒಂದು ನಿಶ್ಚಿತವಾದ ಕಾರಣವು ಅಡಗಿರುವದು. ಆ ಕಾರಣಗಳಲ್ಲಿ ಮುಖ್ಯವಾದದ್ದೊಂದು ಮೂತ್ರಪಿಂಡಕ್ಕೆ ರಕ್ತವನ್ನು ಒಯ್ಯುವ ಧಮನಿಯು ಸಂಕುಚಿತವಾಗುವದು. ಇಂದಿನ ಭಾಷಣದ ವಿಷಯವು ಇದೇ. ಇಂಥ ರೋಗಿಗಳು ಎಣಿಕೆಯಲ್ಲಿ ಸ್ವಲ್ಪವೇ ಎಂದು ಉಪೇಕ್ಷಿಸಲಾಗದು. ಯಾಕಂದರೆ ಇವರಲ್ಲಿ ಹಲವರು ತರುಣ ವಯಸ್ಸಿನವರು, ಮತ್ತು ಸಕಾಲದಲ್ಲಿ ಗುರುತಿಸಿದರೆ ಇವರಲ್ಲಿ ಕೆಲವರ ವ್ಯಾಧಿಯು ಪೂರ್ಣವಾಗಿ ನೀಗುವಂಥದು.

ಮೊದಲು ಮೂತ್ರಪಿಂಡದ ಕೆಲಸವನ್ನು ತಿಳಿಯುವದು ಅವಶ್ಯ. ಬೆನ್ನಿನ ಎರಡೂ ಪಕ್ಕಗಳಲ್ಲಿ ಅವರೆ ಬೀಜದ ಆಕಾರದಲ್ಲಿರುವ ಈ ಅಂಗವು ಸುಮಾರು 11 ಸೆಂಟಿಮೀಟರು ಉದ್ದವುಳ್ಳದ್ದು. ಎರಡೂ ಕೂಡಿದರೂ ತೂಕದಲ್ಲಿ ಅರ್ಧ ಕಿಲೋ ಆಗವು. ಆದರೆ ಹೃದಯವು ನೂಕುವ ರಕ್ತದಲ್ಲಿ ಐದರಲ್ಲೊಂದು ಪಾಲು ಈ ಎರಡು ಸಣ್ಣ ಅಂಗಗಳಿಗೇ ಹೋಗುವದು. ಇವು ಹಗಲಿರುಳಿನಲ್ಲಿ ಸುಮಾರು 180 ಲೀಟರು ದ್ರವವನ್ನು ಸೋಸಿ, ಬಹುಪಾಲನ್ನು ತಿರುಗಿ ರಕ್ತಕ್ಕೇ ಕೊಟ್ಟು, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಹಾಕುವವು. ಸೋಸುವ ಕೆಲಸವು ನಡೆಯಬೇಕಾದರೆ ಒಳಗೆ ಬರುವ ರಕ್ತಕ್ಕೆ ತಕ್ಕಷ್ಟು ಒತ್ತಡವಿರಬೇಕು. ಆದ್ದರಿಂದ ಮೂತ್ರಪಿಂಡವು ಒತ್ತಡವನ್ನು ಸದಾ ಕಾಯುತ್ತಿರುವ ಕಾವಲುಗಾರನೂ ಆಗಿರುವದು.

ಕಾಲುವೆಯ ನೀರಿನಿಂದ ಬೆಳೆ ಬೆಳೆಯುವ ರೈತರಿಗೆ ಇಲ್ಲಿಯ ತೊಡಕು ಸುಲಭವಾಗಿ ತಿಳಿಯುವದು. ಕಾಲುವೆಯಲ್ಲಿ ನೀರು ತುಂಬಿಯೇ ಹರಿಯುತ್ತಿದೆ. ಆದರೆ ಒಂದು ಹೊಲಕ್ಕೆ ಹೋಗುವ ತೂಬಿನಲ್ಲಿ ಮಣ್ಣು ತುಂಬಿದೆ ಎನ್ನಿರಿ. ಆ ಹೊಲದ ಒಡೆಯನು ತೂಬನ್ನು ನೋಡದೆ, ಕಾಲುವೆಯಲ್ಲೇ ನೀರು ಕಡಿಮೆಯಾಯಿತೆಂದು ಕೂಗೆಬ್ಬಿಸುವನು. ಆ ಕೂಗನ್ನು ಕೇಳಿ ಮೇಲಿನವರು ಇನ್ನಷ್ಟು ನೀರು ಬಿಡುವರು. ಆಗ ಉಳಿದ ಹೊಲಗಳ ಬದುಗಳು ಒಡೆಯುವವು. ಧಮನಿಯು ಸಂಕುಚಿತವಾದ ಮೂತ್ರಪಿಂಡವು ಮಾಡುವದು ಇದನ್ನೇ. ತನಗೆ ರಕ್ತ ಸಾಲದೆಂದು ಅದು ರೆನಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುವದು. ರೆನಿನ್ನಿನ ದೆಸೆಯಿಂದ ಆಂಜಿಯೋಟೆನ್ಸಿನ್ ಎಂಬ ಇನ್ನೊಂದು ದ್ರವ್ಯವು ಹುಟ್ಟಿ, ದೇಹದ ರಕ್ತನಾಳಗಳನ್ನೆಲ್ಲ ಬಿಗಿಯುವದು. ಮೇಲಾಗಿ ಉಪ್ಪನ್ನೂ ನೀರನ್ನೂ ದೇಹದಲ್ಲಿಯೇ ಹಿಡಿದಿಡುವಂತೆ ಮಾಡುವದು. ಪರಿಣಾಮವಾಗಿ ಇಡೀ ದೇಹದ ಒತ್ತಡ ಏರುವದು. ಮಿದುಳು, ಹೃದಯ, ಕಣ್ಣು ಇವುಗಳ ಬದುಗಳು ಒಡೆಯಲಾರಂಭಿಸುವವು.

ಈ ತಿಳಿವಳಿಕೆಯು ಒಂದೇ ದಿನದಲ್ಲಿ ಬಂದದ್ದಲ್ಲ. ಮೂತ್ರಪಿಂಡವು ಕೆಟ್ಟವರಲ್ಲಿ ಹೃದಯವು ದೊಡ್ಡದಾಗುವದನ್ನು ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1836ರಲ್ಲಿಯೇ ಬರೆದಿಟ್ಟರು. 1898ರಲ್ಲಿ ಸ್ವೀಡನ್ನಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದಿಂದ ತೆಗೆದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಒತ್ತಡವು ಏರುವದನ್ನು ಕಂಡು, ಅದಕ್ಕೆ ರೆನಿನ್ ಎಂಬ ಹೆಸರನ್ನಿಟ್ಟರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಅವರು ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬೆಳ್ಳಿಯ ಚಿಮಟಿಗೆಯಿಂದ ಬಿಗಿದು, ಒತ್ತಡವು ಏರಿ ಹಾಗೆಯೇ ನಿಲ್ಲುವದೆಂಬದನ್ನು ನಿಸ್ಸಂದೇಹವಾಗಿ ತೋರಿಸಿದರು. 1938ರಲ್ಲಿ ಐದು ವರ್ಷ ದಾಟಿದ ಬಾಲಕನೊಬ್ಬನ ವಿಪರೀತ ರಕ್ತದೊತ್ತಡವು, ಧಮನಿ ಕಟ್ಟಿದ ಒಂದು ಮೂತ್ರಪಿಂಡವನ್ನು ತೆಗೆದ ಮೇಲೆ ಸರಿಹೋಯಿತೆಂದು ಅಮೆರಿಕದ ಲೆಡ್‌ಬೆಟರ್ ಮತ್ತು ಬರ್ಕ್‌ಲ್ಯಾಂಡ್ ಎಂಬ ವೈದ್ಯರು ಪ್ರಕಟಿಸಿದರು.

ಆದರೆ ಇಲ್ಲಿಯೇ ಒಂದು ದೊಡ್ಡ ಪಾಠವೂ ಉಂಟು. ಆ ಸುದ್ದಿಯನ್ನು ಕೇಳಿ ಅನೇಕ ವೈದ್ಯರು ಬಿ.ಪಿ. ಏರಿದವರಲ್ಲಿ ಸಣ್ಣದಾದ ಮೂತ್ರಪಿಂಡವನ್ನು ಕಂಡಕೂಡಲೇ ತೆಗೆಯಲಾರಂಭಿಸಿದರು. 1956ರಲ್ಲಿ ಹೋಮರ್ ಸ್ಮಿತ್ ಎಂಬ ಪಂಡಿತರು ಇಂಥ ಶಸ್ತ್ರಕ್ರಿಯೆಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ, ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಗುಣವಾಗಿತ್ತೆಂಬದು ಹೊರಬಿತ್ತು. ಧಮನಿಯು ಸಂಕುಚಿತವಾಗಿರುವದು ಬೇರೆ, ಆ ಸಂಕೋಚವೇ ಒತ್ತಡಕ್ಕೆ ಕಾರಣವಾಗಿರುವದು ಬೇರೆ. ಈ ಎರಡನ್ನೂ ಬೇರ್ಪಡಿಸಿ ತಿಳಿಯುವದೇ ರೋಗನಿದಾನದ ಸಾರವು.

ಧಮನಿಯು ಸಂಕುಚಿತವಾಗುವದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ಧಮನಿಯ ಒಳಗೋಡೆಯಲ್ಲಿ ಕೊಬ್ಬು ಕಟ್ಟುವದು. ಇದು ವಯಸ್ಸಾದವರಲ್ಲಿ, ಸಕ್ಕರೆ ರೋಗವುಳ್ಳವರಲ್ಲಿ, ವಿಶೇಷವಾಗಿ ಬೀಡಿ ಸಿಗರೇಟು ಸೇದುವವರಲ್ಲಿ ಕಾಣುವದು. ಧಮನಿಯು ಮಹಾಧಮನಿಯಿಂದ ಕವಲೊಡೆಯುವ ಬಾಯಿಯಲ್ಲಿಯೇ ಇದು ಹೆಚ್ಚಾಗಿ ಕಟ್ಟುವದು. ಎರಡನೆಯದರಲ್ಲಿ ಧಮನಿಯ ಗೋಡೆಯ ನಾರು ಮತ್ತು ಸ್ನಾಯುಗಳು ಅಡ್ಡಾದಿಡ್ಡಿಯಾಗಿ ಬೆಳೆಯುವವು. ಚಿತ್ರದಲ್ಲಿ ಆ ಧಮನಿಯು ಪೋಣಿಸಿದ ಮಣಿಸರದಂತೆ ಕಾಣುವದು. ಇದು ತರುಣ ಮತ್ತು ನಡುವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚು. ಮೂರನೆಯದು ಧಮನಿಯ ಉರಿಯೂತ. ಜಪಾನಿನ ನೇತ್ರವೈದ್ಯರಾದ ಮಿಕಿಟೊ ತಕಯಾಸು ಅವರು 1908ರಲ್ಲಿ ತರುಣಿಯೊಬ್ಬಳ ಕಣ್ಣಿನಲ್ಲಿ ಕಂಡ ವಿಚಿತ್ರ ರಕ್ತನಾಳಗಳನ್ನು ವರ್ಣಿಸಿದ್ದರಿಂದ ಈ ರೋಗಕ್ಕೆ ಅವರ ಹೆಸರೇ ನಿಂತಿತು. ಜಪಾನಿನಲ್ಲಿ ಇದು ಎದೆಯ ಮೇಲಿನ ಧಮನಿಗಳನ್ನು ಹೆಚ್ಚಾಗಿ ಹಿಡಿದರೆ, ಭಾರತದಲ್ಲಿ ಹೊಟ್ಟೆಯೊಳಗಿನ ಮಹಾಧಮನಿಯನ್ನೂ ಮೂತ್ರಪಿಂಡದ ಧಮನಿಗಳನ್ನೂ ಹೆಚ್ಚಾಗಿ ಹಿಡಿಯುವದು. ಮುಂಬಯಿಯ ಶಸ್ತ್ರವೈದ್ಯರಾದ ಪಿ. ಕೆ. ಸೇನ್ ಮತ್ತು ಅವರ ಸಂಗಡಿಗರು 1963ರಲ್ಲಿ ಇಂಥ ರೋಗಿಗಳನ್ನು ಕುರಿತು ಬರೆದರು. ಈ ದೇಶದ ತರುಣಿಯರಲ್ಲಿ ಬಿ.ಪಿ. ಏರಿದಾಗ ಈ ಉರಿಯೂತವನ್ನು ಮರೆಯಲಾಗದು.

ಹಾಗಾದರೆ ಯಾರಲ್ಲಿ ಈ ಶಂಕೆಯನ್ನು ತಾಳಬೇಕು? ಬಿ.ಪಿ. ಇರುವವರೆಲ್ಲರಿಗೂ ದೊಡ್ಡ ಪರೀಕ್ಷೆಗಳು ಬೇಕಿಲ್ಲ. ಮನೆತನದಲ್ಲಿ ಯಾರಿಗೂ ಇಲ್ಲದೆ ಮೂವತ್ತರ ಒಳಗೇ ಒತ್ತಡ ಏರಿದವರು. ಐವತ್ತೈದು ದಾಟಿದ ಮೇಲೆ ಒಮ್ಮೆಲೇ ವಿಪರೀತವಾಗಿ ಏರಿದವರು. ವರುಷಗಟ್ಟಲೆ ಹಿಡಿತದಲ್ಲಿದ್ದದ್ದು ಇದ್ದಕ್ಕಿದ್ದಂತೆ ಕೈಮೀರಿದವರು. ಮೂತ್ರ ಹೆಚ್ಚಿಸುವ ಗುಳಿಗೆಯೂ ಸೇರಿ ಮೂರು ಬಗೆಯ ಔಷಧಗಳನ್ನು ತಪ್ಪದೆ ತೆಗೆದುಕೊಂಡರೂ ಇಳಿಯದವರು. ರಾತ್ರಿಯಲ್ಲಿ ಹಠಾತ್ತನೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಿಗಾಗಿ ಒದ್ದಾಡಿದವರು. ರಕ್ತದಲ್ಲಿ ಪೊಟ್ಯಾಸಿಯಂ ಕಾರಣವಿಲ್ಲದೆ ಕಡಿಮೆಯಾದವರು. ಒಂದು ಮೂತ್ರಪಿಂಡವು ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಚಿಕ್ಕದಾದವರು. ಇವರೇ ಶಂಕೆಗೆ ಪಾತ್ರರಾದವರು.

ಈಗ ಹೀಗೊಂದು ಪ್ರಸಂಗವನ್ನು ಭಾವಿಸಿರಿ. ಬ್ಯಾಡಗಿಯ ಸಮೀಪದ ಹಳ್ಳಿಯ ಇಪ್ಪತ್ತೆರಡು ವರ್ಷದ ಹೆಣ್ಣುಮಗಳು. ಮುಂದಿನ ತಿಂಗಳು ಮದುವೆ. ತಲೆನೋವೆಂದು ಹೋದಾಗ ನರ್ಸಮ್ಮನವರು ಅಳೆದರೆ 190ರ ಮೇಲೆ 120. “ಹುಡುಗಿಗೆ ಸಿಟ್ಟು ಬಾಳರೀ ಅಕ್ಕಾರ, ಅದಕ್ಕ ಏರಿರಬೇಕು. ಲಗ್ನ ಆದ ಮ್ಯಾಲ ಎಲ್ಲಾ ಸರಿ ಹೋಗ್ತದ, ಬೀಗರಿಗೆ ಮಾತ್ರ ಗೊತ್ತಾಗಬಾರದು” ಎಂದು ತಾಯಿಯು ಅನ್ನುವಳು. ತಾಯಿಯ ಭಯವು ಅರ್ಥವಾಗದ್ದೇನಲ್ಲ. ಆದರೆ ಸಿಟ್ಟಿನಿಂದ ಏರಿದ ಒತ್ತಡವು ಸಿಟ್ಟಿನೊಡನೆಯೇ ಇಳಿಯುವದು, ಇದು ಇಳಿದಿಲ್ಲ. ವೈದ್ಯರು ಎರಡೂ ತೋಳುಗಳಲ್ಲಿ ಅಳೆಯುವರು: ಬಲದಲ್ಲಿ 190, ಎಡದಲ್ಲಿ 150. ಎಡಗೈಯ ನಾಡಿಯು ಕ್ಷೀಣ. ಹೊಕ್ಕಳದ ಮೇಲ್ಗಡೆಯಲ್ಲಿ ಸ್ಟೆತಾಸ್ಕೋಪನ್ನಿಟ್ಟರೆ, ಇಕ್ಕಟ್ಟಾದ ತೂಬಿನಲ್ಲಿ ನೀರು ನುಗ್ಗಿದಂತೆ ಸುಂಯ್ ಎಂಬ ಸದ್ದು. ಇಷ್ಟಕ್ಕೇ ಅರ್ಧ ನಿದಾನವು ಮುಗಿದಂತಾಯಿತು. ಇನ್ನೂ ಒಂದು ಯಂತ್ರವನ್ನೂ ಮುಟ್ಟಿಲ್ಲ. ಇನ್ನೊಂದು ಮಾತು. ಎರಡೂ ತೋಳುಗಳ ಧಮನಿಗಳು ಮುಚ್ಚಿದ್ದರೆ, ತೋಳಿನ ಅಳತೆಯು ಕಡಿಮೆಯೆಂದು ಸುಳ್ಳು ಹೇಳುವದು. ಆಗ ಕಾಲಿನಲ್ಲಿ ಅಳೆದರೇ ನಿಜವು ಹೊರಬೀಳುವದು. ಒಂದೇ ತೋಳನ್ನು ನೋಡಿ ಕಳಿಸುವ ಅವಸರದಲ್ಲಿ ಎಂಥ ಕೇಡು ಅಡಗಿರುವದೆಂಬದಕ್ಕೆ ಇದೇ ಸಾಕು.

ಮುಂದಿನ ಪರೀಕ್ಷೆಗಳಿಗೆ ಒಂದು ಕ್ರಮವುಂಟು. ಮೊದಲು ಮೂತ್ರ, ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ, ಹಾಗೂ ಉರಿಯೂತದ ಶಂಕೆಯಿದ್ದರೆ ಇ.ಎಸ್.ಆರ್. ಇವುಗಳನ್ನು ನೋಡುವರು. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ಅದರಲ್ಲಿ ಎರಡು ಮೂತ್ರಪಿಂಡಗಳ ಅಳತೆಯು ತಿಳಿಯುವದು. ಅದರೊಡನೆಯೇ ಡಾಪ್ಲರ್ ಪರೀಕ್ಷೆಯನ್ನು ಮಾಡುವರು. ಇದು ರಕ್ತವು ಹರಿಯುವ ವೇಗವನ್ನು ಅಳೆಯುವದು. ಹೊಳೆಯು ಇಕ್ಕಟ್ಟಿನಲ್ಲಿ ವೇಗವಾಗಿ ಹರಿಯುವಂತೆ, ಸಂಕುಚಿತವಾದ ಧಮನಿಯಲ್ಲಿ ರಕ್ತವೂ ವೇಗವಾಗಿ ಹರಿಯುವದು. ಆ ವೇಗವು ಸೆಕೆಂಡಿಗೆ ಸುಮಾರು 200 ಸೆಂಟಿಮೀಟರನ್ನು ಮೀರಿದರೆ ಸಂಕೋಚವು ಗಣನೀಯವೆಂದು ತಿಳಿಯುವರು. ಇದರಲ್ಲಿ ಸೂಜಿಯಿಲ್ಲ, ಔಷಧವಿಲ್ಲ, ಅಪಾಯವಿಲ್ಲ. ಆದರೆ ಹೊಟ್ಟೆಯಲ್ಲಿ ವಾಯು ತುಂಬಿದ್ದರೆ ಧಮನಿಯು ಕಾಣದು. ಆದ ಕಾರಣ ಬರಿಹೊಟ್ಟೆಯಲ್ಲಿ ಬರಹೇಳುವರು. ಮೇಲಾಗಿ ಈ ಪರೀಕ್ಷೆಯ ಬೆಲೆಯು ಮಾಡುವವರ ಕೈಪಳಗಿನ ಮೇಲೆಯೇ ನಿಂತಿರುವದು.

ಡಾಪ್ಲರ್ ಪರೀಕ್ಷೆಯಲ್ಲಿ ಶಂಕೆಯು ಬಲವಾದರೆ ಸಿ.ಟಿ. ಆಂಜಿಯೋಗ್ರಾಮ್ ಅಥವಾ ಎಂ.ಆರ್. ಆಂಜಿಯೋಗ್ರಾಮ್ ಮಾಡಿಸುವರು. ಸಿ.ಟಿ. ಪರೀಕ್ಷೆಗೆ ರಕ್ತನಾಳದಲ್ಲಿ ಚುಚ್ಚುವ ಬಣ್ಣದೌಷಧವು ಮೊದಲೇ ದುರ್ಬಲವಾದ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು, ಎಂ.ಆರ್. ಪರೀಕ್ಷೆಯ ಗ್ಯಾಡೋಲಿನಿಯಂ ಔಷಧಕ್ಕೂ ಮೂತ್ರಪಿಂಡವು ತೀರ ಕೆಟ್ಟವರಲ್ಲಿ ಎಚ್ಚರಿಕೆ ಬೇಕು. ಆದ್ದರಿಂದ ಕ್ರಿಯಾಟಿನಿನ್ ನೋಡದೆ ಇವುಗಳಿಗೆ ಮುಂದಾಗತಕ್ಕದ್ದಲ್ಲ. ಕಡೆಯದಾಗಿ, ತೊಡೆಯ ಅಥವಾ ಮಣಿಕಟ್ಟಿನ ಧಮನಿಯ ಮೂಲಕ ಸಣ್ಣ ನಳಿಗೆಯನ್ನು ಒಳಗೆ ಸಾಗಿಸಿ ಮಾಡುವ ಆಂಜಿಯೋಗ್ರಾಮ್. ಸಂಕೋಚದ ಮೇಲಕ್ಕೂ ಕೆಳಕ್ಕೂ ಒತ್ತಡದಲ್ಲಿ ಎಷ್ಟು ಅಂತರವಿದೆಯೆಂದು ಇದರಲ್ಲಿ ನೇರವಾಗಿ ಅಳೆಯಬಹುದು. ಧಮನಿಯು ಅರ್ಧದಷ್ಟು ಮಾತ್ರ ಇಕ್ಕಟ್ಟಾಗಿದ್ದರೆ ಅದು ಒತ್ತಡಕ್ಕೆ ಕಾರಣವಾಗುವದು ಅಪರೂಪ. ನೂರಕ್ಕೆ ಎಪ್ಪತ್ತು ಪಾಲು ಮುಚ್ಚಿದ್ದರೆ ಕಾರಣವೆಂದು ಹೇಳಲು ಆಧಾರವು ದೊರೆಯುವದು.

ಚಿಕಿತ್ಸೆಯು ಕಾರಣವನ್ನು ಅನುಸರಿಸಿ ಬೇರೆ ಬೇರೆ. 1978ರಲ್ಲಿ ಜೂರಿಕ್ ನಗರದ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು, ತುದಿಯಲ್ಲಿ ಪುಗ್ಗೆಯುಳ್ಳ ನಳಿಗೆಯಿಂದ ಮೂತ್ರಪಿಂಡದ ಧಮನಿಯನ್ನು ಹಿಗ್ಗಿಸಿದ ವಿಧಾನವನ್ನು ಪ್ರಕಟಿಸಿದರು. ಮಣಿಸರದಂಥ ರೋಗವುಳ್ಳ ತರುಣಿಯರಲ್ಲಿ ಈ ಪುಗ್ಗೆಯೊಂದರಿಂದಲೇ ಅನೇಕರ ಒತ್ತಡವು ಇಳಿಯುವದು; ಕೆಲವರಿಗೆ ಗುಳಿಗೆಯೇ ಬೇಡವಾಗುವದು. ಉರಿಯೂತದಲ್ಲಿ ಮೊದಲು ಔಷಧಗಳಿಂದ ಉರಿಯನ್ನು ಆರಿಸಿ, ಆಮೇಲೆ ಹಿಗ್ಗಿಸುವದು ಯುಕ್ತ. ಉರಿ ಆರದಿದ್ದರೆ ಧಮನಿಯು ಮತ್ತೆ ಮುಚ್ಚುವ ಭಯವುಂಟು. ಕೊಬ್ಬು ಕಟ್ಟಿದ ಹಿರಿಯರ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. 2009ರಲ್ಲಿ ಪ್ರಕಟವಾದ ಆಸ್ಟ್ರಲ್ ಎಂಬ ಪ್ರಯೋಗವು 806 ರೋಗಿಗಳನ್ನೂ, 2014ರ ಕೋರಲ್ ಎಂಬ ಪ್ರಯೋಗವು 947 ರೋಗಿಗಳನ್ನೂ ಸೇರಿಸಿಕೊಂಡು ನೋಡಿದವು. ಒಳ್ಳೆಯ ಔಷಧೋಪಚಾರಕ್ಕಿಂತ ಸ್ಟೆಂಟ್ ಹಾಕಿದ್ದರಿಂದ ಒಟ್ಟಿನಲ್ಲಿ ಹೆಚ್ಚಿನ ಲಾಭವು ಕಾಣಲಿಲ್ಲ. ಆದರೆ ಶ್ವಾಸಕೋಶದಲ್ಲಿ ಮತ್ತೆ ಮತ್ತೆ ನೀರು ತುಂಬುವವರಿಗೆ, ಯಾವ ಔಷಧಕ್ಕೂ ಬಗ್ಗದ ಒತ್ತಡದವರಿಗೆ, ಮೂತ್ರಪಿಂಡದ ಶಕ್ತಿಯು ವೇಗವಾಗಿ ಕುಂದುತ್ತಿರುವವರಿಗೆ ಇಂದಿಗೂ ಅದನ್ನು ಯೋಚಿಸುವರು. ಉಳಿದವರಿಗೆ ಗುಳಿಗೆ, ಕೊಬ್ಬನ್ನಿಳಿಸುವ ಔಷಧ, ತಂಬಾಕಿನ ತ್ಯಾಗ ಇವೇ ಮುಖ್ಯ.

ಔಷಧಗಳ ವಿಷಯದಲ್ಲಿ ಈ ಸೀಮೆಯ ಹಿರಿಯರಿಗೆ ಹತ್ತಿರವಾದ ಒಂದು ಸಂಗತಿಯುಂಟು. 1949ರಲ್ಲಿ, ರಾಣೆಬೆನ್ನೂರು ಇನ್ನೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಾಗ, ಮುಂಬಯಿಯ ವೈದ್ಯರಾದ ರುಸ್ತುಮ್ ಜಾಲ್ ವಕೀಲ್ ಅವರು ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವದೆಂಬದನ್ನು ಬ್ರಿಟನ್ನಿನ ಹೃದ್ರೋಗದ ಪತ್ರಿಕೆಯಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಸಿದರು. ಆ ಕಾಲಕ್ಕೆ ವೈದ್ಯರ ಕೈಯಲ್ಲಿ ಒತ್ತಡವನ್ನು ಇಳಿಸುವ ಸಾಧನಗಳು ಅತಿ ವಿರಳ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದ್ದು 1957ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ. ಅದಕ್ಕೂ ಮೊದಲು ದೊಡ್ಡ ಕಾಯಿಲೆಯೆಂದರೆ ಮಿರಜಿನ ದಾರಿಯನ್ನು ಹಿಡಿಯಬೇಕಾಗಿತ್ತು. ಇಂದು ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯುವವು. ಸಾಧನವು ಹತ್ತಿರ ಬಂದಿದೆ. ಅದನ್ನು ಬಳಸುವ ಎಚ್ಚರಿಕೆಯು ಹತ್ತಿರ ಬರಬೇಕಾಗಿದೆ.

ಆ ಎಚ್ಚರಿಕೆಗಳಲ್ಲಿ ಕೆಲವನ್ನು ಇಲ್ಲಿ ಹೇಳುವದು ಯುಕ್ತ. ಬ್ರೆಜಿಲ್ ದೇಶದ ಹಾವೊಂದರ ವಿಷದ ಅಭ್ಯಾಸದಿಂದ ಹುಟ್ಟಿ 1981ರಲ್ಲಿ ಬಳಕೆಗೆ ಬಂದ ಕ್ಯಾಪ್ಟೋಪ್ರಿಲ್, ಮತ್ತು ಅದರ ಸಂತತಿಯ ಎನಾಲಾಪ್ರಿಲ್, ರ‍್ಯಾಮಿಪ್ರಿಲ್, ಹಾಗೂ ಅದೇ ದಾರಿಯಲ್ಲಿ ಕೆಲಸ ಮಾಡುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಇವು ಉತ್ತಮವಾದ ಔಷಧಗಳು. ಆದರೆ ಎರಡೂ ಧಮನಿಗಳು ಸಂಕುಚಿತವಾದವರಲ್ಲಿ ಇವು ಮೂತ್ರಪಿಂಡದ ಸೋಸುವ ಶಕ್ತಿಯನ್ನು ಒಮ್ಮೆಲೇ ಇಳಿಸಬಲ್ಲವು. ಇವುಗಳನ್ನು ಆರಂಭಿಸಿದ ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ ನೋಡಬೇಕು. ಅದು ಮೊದಲಿಗಿಂತ ನೂರಕ್ಕೆ ಮೂವತ್ತು ಪಾಲಿಗೂ ಹೆಚ್ಚು ಏರಿದ್ದರೆ ಅದೇ ಒಂದು ಸುಳಿವು. ನೆರೆಮನೆಯವರ ಗುಳಿಗೆಯನ್ನು ಎರವಲು ತರುವದು ಈ ಕಾರಣದಿಂದಲೇ ಅಪಾಯ. ಗರ್ಭಿಣಿಯರಿಗಂತೂ ಇವು ಸರ್ವಥಾ ನಿಷಿದ್ಧ, ಮಗುವಿಗೆ ಕೇಡು. ಬೀಗರಿಗೆ ತಿಳಿಯಬಾರದೆಂದು ಬಿ.ಪಿ.ಯನ್ನು ಮುಚ್ಚಿಟ್ಟ ತಾಯಿಯು ಮಗಳ ಬಸಿರನ್ನೂ ಪಣಕ್ಕೆ ಒಡ್ಡಿದಂತೆ ಎಂಬದನ್ನು ಮರೆಯಬಾರದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳೂ ಒತ್ತಡವನ್ನು ಏರಿಸುವವು, ಮೂತ್ರಪಿಂಡವನ್ನು ಕೆಡಿಸುವವು. ಇನ್ನು, ಅಳತೆ ಸರಿಹೋಯಿತೆಂದು ಗುಳಿಗೆಯನ್ನು ತಾನೇ ಬಿಡುವವರು, ಬೆಳೆ ಚಿಗುರಿತೆಂದು ನೀರು ನಿಲ್ಲಿಸಿದ ರೈತನನ್ನು ಹೋಲುವರು.

ಅಳೆಯುವ ಕ್ರಮವೂ ಸರಿಯಾಗಿರಬೇಕು. ಬೆನ್ನಿಗೆ ಆಧಾರವಿರುವಂತೆ ಕುಳಿತು ಐದು ನಿಮಿಷ ವಿಶ್ರಮಿಸಬೇಕು. ಅದಕ್ಕೆ ಅರ್ಧ ಗಂಟೆಯೊಳಗೆ ಚಹವನ್ನಾಗಲಿ ಬೀಡಿಯನ್ನಾಗಲಿ ಮುಟ್ಟಿರಬಾರದು. ತೋಳು ಹೃದಯದ ಮಟ್ಟದಲ್ಲಿರಬೇಕು. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆಯಬೇಕು. ಊಟದಲ್ಲಿ ಉಪ್ಪು ಹಿತಮಿತವಾಗಿರಬೇಕು. ದಿನಕ್ಕೆ ಐದು ಗ್ರಾಮು, ಅಂದರೆ ಒಂದು ಚಿಕ್ಕ ಚಮಚದಷ್ಟು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಂಡಕ್ಕಿ ಮಿರ್ಚಿ ಇವುಗಳೊಳಗಿನ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದೇ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಮೇಲೆ ದೋಷವಿಲ್ಲ, ಅದರೊಡನೆ ಕಲಸುವ ಉಪ್ಪಿನ ಮೇಲೆ ದೋಷ.

ಜಾತ್ರೆ ಉತ್ಸವಗಳಲ್ಲಿ ಸಾವಿರಾರು ಜನರು ಒಂದೆಡೆ ಸೇರುವರು. ದಾಸೋಹದ ಪಂಕ್ತಿಯಲ್ಲಿ ಬೇಧವಿಲ್ಲದೆ ಕುಳಿತುಕೊಳ್ಳುವರು. ಆ ಪಂಕ್ತಿಯ ಪಕ್ಕದಲ್ಲಿಯೇ ಒಂದು ಮೇಜು, ಒಂದು ಅಳತೆಯ ಯಂತ್ರ, ತಿಳಿದ ಒಬ್ಬ ದಾದಿ ಇದ್ದರೆ ಎಷ್ಟೋ ಮನೆಗಳ ದೀಪವು ಉಳಿದೀತು. ಏರಿದ ಅಳತೆಯವರನ್ನು ತಾಲೂಕು ಆಸ್ಪತ್ರೆಗೆ, ಅಲ್ಲಿ ಶಂಕೆ ಬಂದವರನ್ನು ಹಾವೇರಿ, ಹುಬ್ಬಳ್ಳಿ, ದಾವಣಗೆರೆಗಳ ದೊಡ್ಡ ಆಸ್ಪತ್ರೆಗಳಿಗೆ ಕಳಿಸುವದು ಕಠಿಣವಲ್ಲ. ತರುಣರನ್ನು “ಈ ವಯಸ್ಸಿಗೆ ಬಿ.ಪಿ. ಎಲ್ಲಿಯದು” ಎಂದು ಆ ಮೇಜಿನಿಂದ ಹಿಂದಕ್ಕೆ ಕಳಿಸದಿರುವದೇ ಮುಖ್ಯವಾದದ್ದು.

ಮೇಲೆ ಹೇಳಿದ ಆ ಹೆಣ್ಣುಮಗಳ ಮದುವೆಯು ಕೆಲವು ತಿಂಗಳು ಮುಂದಕ್ಕೆ ಹೋಗಬಹುದು. ಮುಂದಕ್ಕೆ ಹೋದ ಲಗ್ನಕ್ಕೆ ಮತ್ತೊಂದು ಮುಹೂರ್ತವು ದೊರೆಯುವದು. ಒಡೆದ ಮಿದುಳಿನ ನಾಳಕ್ಕೆ, ಒಣಗಿದ ಮೂತ್ರಪಿಂಡಕ್ಕೆ ಮತ್ತೊಂದು ಮುಹೂರ್ತವಿಲ್ಲ. ಕಾಲುವೆಯ ನೀರನ್ನು ದೂರುವ ಮೊದಲು ತೂಬನ್ನು ನೋಡಬೇಕೆಂಬ ರೈತನ ವಿವೇಕವನ್ನೇ ದೇಹದ ವಿಷಯದಲ್ಲಿಯೂ ಎಲ್ಲರೂ ತೋರುವದಾದರೆ, ಈ ಭಾಷಣದ ಉದ್ದೇಶವು ಸಫಲವಾದಂತೆಯೇ ಸರಿ.